ಸಹಿ ತಾಳೆಯಾಗಿಲ್ಲ

ಗ್ರೇಟಾ ಗಾರ್ಬೊ ಸಹಿ ಕೊಡುತ್ತಿರಲಿಲ್ಲ. ಅಭಿಮಾನಿಗಳ ಕಾಗದಕ್ಕೆ ಉತ್ತರವಿಲ್ಲ. ಬೀದಿಯಲ್ಲಿ ಯಾರಾದರೂ ಪುಸ್ತಕ ಚಾಚಿದರೆ ಕಂಡೂ ಕಾಣದವಳ ಹಾಗೆ ನಡೆದುಬಿಡುವುದು. 1941ರಲ್ಲಿ ಸಿನಿಮಾ ಬಿಟ್ಟಳು, 1990ರಲ್ಲಿ ತೀರಿಕೊಂಡಳು. ನಡುವಿನ ಬಹುಪಾಲು ವರ್ಷ ನ್ಯೂಯಾರ್ಕಿನ ಬೀದಿಗಳಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಜನರ ಕಣ್ಣು ತಪ್ಪಿಸಿ ಓಡಾಡಿದ್ದೇ ಆಕೆಯ ದೊಡ್ಡ ಪಾತ್ರವಾಯಿತು. ಇವತ್ತು ಅದೇ ಗಾರ್ಬೊಳ ಒಂದು ಸಹಿಗೆ ಸಾವಿರಾರು ಡಾಲರು.

ಲಿಲಿಯನ್ ಗಿಶ್ ಇದಕ್ಕೆ ತದ್ವಿರುದ್ಧ. ಕೇಳಿದವರಿಗೆ ಕೊಟ್ಟಳು, ಕಾಗದ ಬರೆದವರಿಗೆ ಮರುಟಪಾಲು ಹಾಕಿದಳು. 1993ರಲ್ಲಿ, ನೂರು ತುಂಬಲು ಕೆಲವೇ ತಿಂಗಳಿದ್ದಾಗ ತೀರಿಕೊಂಡಳು. ಕೊನೆಯ ಸಿನಿಮಾ ಬಂದದ್ದು 1987ರಲ್ಲಿ. ಇಷ್ಟು ದೀರ್ಘಕಾಲ ಇಷ್ಟು ಧಾರಾಳವಾಗಿ ಕೊಟ್ಟದ್ದರ ಫಲವಾಗಿ ಆಕೆಯ ಸಹಿ ಒಂದು ಸಂಸಾರ ಒಳ್ಳೆಯ ಹೋಟೆಲಿಗೆ ಹೋಗಿ ಉಂಡು ಬರುವ ದುಡ್ಡಿಗೆ ಸಿಗುತ್ತದೆ. ಎಲ್ಲದಕ್ಕೂ ಹೂಂ ಅನ್ನುವ ಸೊಸೆಗೆ ಮನೆಯಲ್ಲಿ ಬೆಲೆ ಕಡಿಮೆ, ತವರಿಗೆ ಹೋಗಿ ಕೂತವಳಿಗೆ ಕಾಗದದ ಮೇಲೆ ಕಾಗದ. ಹಸ್ತಾಕ್ಷರದ ಪೇಟೆಯಲ್ಲೂ ಇದೇ ನಡವಳಿಕೆ. ನನ್ನ ಕಡತದಲ್ಲಿ ಗಾರ್ಬೊ ಇಲ್ಲ, ಗಿಶ್ ಇದ್ದಾಳೆ. ದುಡ್ಡಿಲ್ಲದ್ದು ಒಂದು ಕಾರಣ. ಗಿಶ್ ಮೇಲೆ ಪಕ್ಷಪಾತ ಇನ್ನೊಂದು.

ಆ ಪಕ್ಷಪಾತ ಶುರುವಾದದ್ದು ಫಿಲ್ಮ್ ಸೊಸೈಟಿಯ ಒಂದು ಪ್ರದರ್ಶನದಲ್ಲಿ. 1920ರ ‘ವೇ ಡೌನ್ ಈಸ್ಟ್’. ಮನೆಯಿಂದ ಹೊರದಬ್ಬಿಸಿಕೊಂಡ ಹುಡುಗಿ ಹಿಮದ ಬಿರುಗಾಳಿಯಲ್ಲಿ ಅಲೆದು, ಹೊಳೆಯಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಎಚ್ಚರತಪ್ಪಿ ಬೀಳುತ್ತಾಳೆ. ಗಡ್ಡೆ ಜಲಪಾತದ ಕಡೆಗೆ ಹೊರಟಿದೆ. ಆಕೆಯ ಕೂದಲೂ ಒಂದು ಕೈಯೂ ನೀರಿನಲ್ಲಿ ಎಳೆದುಕೊಂಡು ಹೋಗುತ್ತಿವೆ. ಕೈ ನೀರಿಗೆ ಬಿಡುವ ಆ ಉಪಾಯ ಗಿಶ್‌ಳದೇ. ವೆರ್ಮಾಂಟಿನ ಚಳಿಗಾಲ, ನಿಜವಾದ ಹೊಳೆ, ನಿಜವಾದ ಮಂಜು, ಒಂದಲ್ಲ ಹಲವು ಸಲ ಚಿತ್ರೀಕರಣ. ಆ ಕೈಯ ಬೆರಳುಗಳಿಗೆ ಬಿದ್ದ ಪೆಟ್ಟು ಕೊನೆಯವರೆಗೂ ಉಳಿಯಿತು. ಪ್ರೊಜೆಕ್ಟರಿನ ಗರಗರ ಸದ್ದೊಂದನ್ನು ಬಿಟ್ಟು ಹಾಲಿನಲ್ಲಿ ಬೇರೆ ಶಬ್ದವಿರಲಿಲ್ಲ. ಪಕ್ಕದಲ್ಲಿದ್ದ ನನ್ನಾಕೆ ಮಾತ್ರ, “ಪಾಪ, ಕೈ ಮೇಲೆ ತೆಗಿಯೇ” ಅಂದಳು. ಅವಳು ಸಿನಿಮಾ ನೋಡುತ್ತ ಪಾತ್ರದ ಜತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಹಿಯ ಹುಚ್ಚು ಮಾತ್ರ ನನಗೆ ಹೊಟ್ಟೆಪಾಡಿನಿಂದ ಬಂದದ್ದು. ನಾನು ಬ್ಯಾಂಕಿನಲ್ಲಿದ್ದವನು. ಕಂಪ್ಯೂಟರು ಬರುವ ಮುಂಚೆ ಚೆಕ್ ಪಾಸು ಮಾಡುವವನ ಮೇಜಿನ ಪಕ್ಕ ಸ್ಪೆಸಿಮೆನ್ ಕಾರ್ಡುಗಳ ಉದ್ದನೆಯ ಡಬ್ಬಿ ಇರುತ್ತಿತ್ತು. ಚೆಕ್ಕಿನ ಸಹಿ ನೋಡು, ಕಾರ್ಡು ತೆಗೆ, ತಾಳೆ ನೋಡು, ಪಾಸು ಮಾಡು. ಒಪ್ಪಿಗೆಯಾಗದಿದ್ದರೆ ‘ಸಹಿ ತಾಳೆಯಾಗಿಲ್ಲ’ ಎಂದು ಚೀಟಿ ಹಚ್ಚಿ ಹಿಂತಿರುಗಿಸು. ಈ ಕೆಲಸ ಮಾಡಿದವರಿಗೆ ಬೇಗನೆ ಗೊತ್ತಾಗುವ ಒಂದು ಗುಟ್ಟಿದೆ. ನಿಜವಾದ ಮನುಷ್ಯ ಒಂದೇ ಸಹಿಯನ್ನು ಎರಡು ಸಲ ಹಾಕಲಾರ. ಪಿಂಚಣಿಗೆ ಬರುವ ಮೇಷ್ಟರ ಸಹಿ ಜನವರಿಯಲ್ಲಿ ಒಂದು, ಜೂನಿನಲ್ಲಿ ಇನ್ನೊಂದು. ಕೈ ನಡುಗುತ್ತದೆ, ಬಾಲ ಕೆಳಗಿಳಿಯುತ್ತದೆ, ಆದರೆ ಬರೆಯುವ ಓಟ ಅದೇ. ಕಳ್ಳ ಸಹಿ ಕಾರ್ಡಿನಲ್ಲಿದ್ದುದಕ್ಕೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಕೂತಿರುತ್ತದೆ. ಅದು ಬರೆದದ್ದಲ್ಲ, ಚಿತ್ರ ಬಿಡಿಸಿದ್ದು. ಅಕ್ಷರಗಳ ನಡುವೆ ಪೆನ್ನು ನಿಂತು ಉಸಿರು ತೆಗೆದುಕೊಂಡ ಜಾಗದಲ್ಲಿ ಶಾಯಿ ಸಣ್ಣ ಚುಕ್ಕೆಯಾಗಿ ಊರಿರುತ್ತದೆ.

ನಿವೃತ್ತಿಯಾದ ಮೇಲೂ ಈ ಕಣ್ಣು ಸುಮ್ಮನಿರಬೇಕಲ್ಲ. ಸುಮ್ಮನಿರಲಿಲ್ಲ. ಹಾಲಿವುಡ್ಡಿನ ಮೂಕಿ ಕಾಲದ ನಾಯಕಿಯರ ಸಹಿಗಳನ್ನು ಹರಾಜಿನ ಕ್ಯಾಟಲಾಗುಗಳಲ್ಲಿ ನೋಡತೊಡಗಿತು, ಆಮೇಲೆ ಕೊಳ್ಳತೊಡಗಿತು. ಕೊಂಡದ್ದೆಲ್ಲ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯ ವಿಳಾಸಕ್ಕೆ ಹೋಗುತ್ತದೆ. ರಜಕ್ಕೆ ಬರುವಾಗ ಅಳಿಯ ಸೂಟ್‌ಕೇಸಿನಲ್ಲಿ ಬಟ್ಟೆಯ ಮಡಿಕೆಗಳ ನಡುವೆ ಇಟ್ಟು ತರುತ್ತಾನೆ. “ಮಾವ, ಈ ಸಲ ಯಾವ ಅಜ್ಜಿ?” ಎಂದು ಕೇಳುವುದು ಅವನ ಹಕ್ಕು.

ಈ ಅಜ್ಜಿಯರ ಸಹಿಗಳಲ್ಲಿ ಬಹುಪಾಲು ಅವರದಲ್ಲ ಎನ್ನುವುದು ಬ್ಯಾಂಕಿನವನಿಗೆ ಸಿಕ್ಕ ಮೊದಲ ರೋಮಾಂಚನ. ಕ್ಲಾರಾ ಬೋ ಲೆಕ್ಕ ನೋಡಿ. 1927ರಲ್ಲಿ ‘ಇಟ್’ ಬಂದು ಆಕೆ ಅಮೆರಿಕದ ಕಣ್ಮಣಿಯಾದಳು. ಏರುಗಾಲದಲ್ಲಿ ಒಂದೇ ತಿಂಗಳಲ್ಲಿ 45,000 ಅಭಿಮಾನಿ ಪತ್ರಗಳು ಬಂದವು ಎಂದು ಹೇಳುತ್ತಾರೆ. ಸ್ಟುಡಿಯೋದವರು ಹಬ್ಬಿಸಿದ ಅಂಕಿ, ಉಪ್ಪುಖಾರ ಬೆರೆತಿದ್ದರೂ ಇರಲಿ. ತಿಂಗಳಿಗೆ ಮೂವತ್ತು ದಿನ ಹಿಡಿದರೆ ದಿನಕ್ಕೆ 1,500 ಕಾಗದ. ಒಂದೊಂದು ಫೋಟೋಕ್ಕೆ ಹೆಸರು ಕೇಳಿ, ಬರೆದು, ಸಹಿ ಹಾಕಿ, ಆರಲು ಬಿಡಲು ಒಂದೇ ನಿಮಿಷ ಎಂದರೂ ದಿನಕ್ಕೆ ಇಪ್ಪತ್ತೈದು ಗಂಟೆ ಬೇಕು. ಊಟ, ನಿದ್ದೆ, ಶೂಟಿಂಗು ಎಲ್ಲ ಬಿಟ್ಟು ಕೂತರೂ ಗಡಿಯಾರದಲ್ಲಿ ಜಾಗವಿಲ್ಲ.

ಹಾಗಾಗಿ ಬೇರೆ ಕೈಗಳು ಬಂದವು. ಸ್ಟುಡಿಯೋದಲ್ಲಿ ಕಾಗದಗಳಿಗೆಂದೇ ಒಂದು ವಿಭಾಗ. ಅಲ್ಲಿ ಸಾಲಾಗಿ ಕೂತ ಹುಡುಗಿಯರು. ಫೋಟೋ ಬೇಕೆಂದವರು ಬಹಳ ಸಲ ಇಪ್ಪತ್ತೈದು ಸೆಂಟು ಕಳಿಸಬೇಕಿತ್ತು. ಅಗ್ಗದ ಪ್ರತಿಗಳಲ್ಲಿ ನೆಗೆಟಿವ್ ಮೇಲೆಯೇ ಸಹಿ ಬರೆದು ಮುದ್ರಿಸಿರುತ್ತಿದ್ದರು. ಫೋಟೋದ ಒಳಗೇ ಬಿಳಿ ಅಕ್ಷರ, ಮೇಲೆ ಬೆರಳಾಡಿಸಿದರೆ ಏನೂ ತಗಲುವುದಿಲ್ಲ. ರಬ್ಬರ್ ಸ್ಟಾಂಪಿನದು ಅಂಚಿನಲ್ಲಿ ದಟ್ಟ, ನಡುವೆ ತೆಳು, ಎಲ್ಲಿಯೂ ಒತ್ತಡದ ಏರಿಳಿತವಿಲ್ಲ. ಬರ್ಲಿನ್ನಿನ ರಾಸ್ ಸಂಸ್ಥೆಯ ಪೋಸ್ಟ್‌ಕಾರ್ಡುಗಳ ಮೇಲೆ ಅಚ್ಚಾದ ಸಹಿಯನ್ನು ಇವತ್ತಿಗೂ ‘ಅಸಲಿ’ ಎಂದು ಮಾರುವವರಿದ್ದಾರೆ. ಕಷ್ಟದ್ದು ಸೆಕ್ರೆಟರಿಯ ಸಹಿ. ನಿಜವಾದ ಶಾಯಿ, ನಿಜವಾದ ಕೈ, ನಿಜವಾದ ಓಟ. ಸಾವಿರಾರು ಸಲ ಬರೆದು ಬರೆದು ಅವಳಿಗೆ ಅದು ತನ್ನದೇ ಸಹಿಯಾಗಿಬಿಟ್ಟಿರುತ್ತದೆ.

ಜೀನ್ ಹಾರ್ಲೊ ಪ್ರಕರಣವನ್ನು ನಾನು ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ಪಾಠವಾಗಿ ಇಡಿಸುತ್ತಿದ್ದೆ, ಯಾರಾದರೂ ನನ್ನ ಮಾತು ಕೇಳಿದ್ದರೆ. ಮೂಕಿಯ ಕೊನೆಗಾಲದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿ, ಟಾಕಿಯಲ್ಲಿ ಮಿಂಚಿ, 1937ರಲ್ಲಿ ಇಪ್ಪತ್ತಾರಕ್ಕೇ ಹೋಗಿಬಿಟ್ಟವಳು. ಆಕೆಯ ಹೆಸರಿನಲ್ಲಿ ಓಡಾಡುವ ಫೋಟೋಗಳಲ್ಲಿ ಹೆಚ್ಚಿನವಕ್ಕೆ ಸಹಿ ಹಾಕಿದ್ದು ಆಕೆಯ ತಾಯಿ. ಸಂಗ್ರಾಹಕರೆಲ್ಲರಿಗೂ ಇದು ಗೊತ್ತು; ತಾಯಿಯ ಸಹಿಗೆ ಒಂದು ಬೆಲೆ, ಮಗಳದಕ್ಕೆ ಅದರ ಹತ್ತಾರು ಪಟ್ಟು. ಆದರೆ ಮಗಳ ಹುಟ್ಟುಹೆಸರು ಹಾರ್ಲೀನ್ ಕಾರ್ಪೆಂಟರ್. ಸಿನಿಮಾಕ್ಕೆಂದು ಆಕೆ ಇಟ್ಟುಕೊಂಡ ‘ಜೀನ್ ಹಾರ್ಲೊ’ ತಾಯಿಯ ತವರಿನ ಹೆಸರು. ಅಂದರೆ ಆ ತಾಯಿ ಫೋಟೋದ ಮೇಲೆ ಬರೆಯುತ್ತಿದ್ದುದು ಮದುವೆಗೆ ಮುಂಚಿನ ತನ್ನದೇ ಹೆಸರು! ಇದರಲ್ಲಿ ಖೊಟ್ಟಿ ಯಾವುದು? ಮಗಳ ಮುಖದ ಮೇಲೆ ಅಮ್ಮನ ಅಸಲಿ ರುಜು. ನನ್ನ ಮೇಜಿಗೆ ಇಂಥ ಚೆಕ್ಕು ಬಂದಿದ್ದರೆ ಮ್ಯಾನೇಜರ್ ಕ್ಯಾಬಿನ್ನಿಗೆ ಎತ್ತಿಕೊಂಡು ಹೋಗುತ್ತಿದ್ದೆ.

ಚೆಕ್ಕು ಎಂದಾಗ ನೆನಪಾಯಿತು. ಅನುಭವಸ್ಥರು ಹೊಳಪಿನ ಫೋಟೋಗಿಂತ ರದ್ದಾದ ಚೆಕ್ಕನ್ನೇ ನೆಚ್ಚುತ್ತಾರೆ. ಫೋಟೋಕ್ಕೆ ಸೆಕ್ರೆಟರಿ ಸಹಿ ಹಾಕಬಹುದು, ಬ್ಯಾಂಕಿನ ಕೌಂಟರಿನಲ್ಲಿ ಅದು ನಡೆಯುವುದಿಲ್ಲ. ತೊಂಬತ್ತು ವರ್ಷದ ಹಿಂದೆ ಯಾವುದೋ ಊರಿನಲ್ಲಿ ನನ್ನಂಥವನೊಬ್ಬ ಕನ್ನಡಕ ಏರಿಸಿ ತಾಳೆ ನೋಡಿ ಪಾಸು ಮಾಡಿದ್ದಾನಲ್ಲ, ಅದಕ್ಕಿಂತ ದೊಡ್ಡ ದೃಢೀಕರಣ ಬೇಕೆ? ಈಗಿನ ವ್ಯಾಪಾರಿಗಳು ಸಹಿಯ ಜತೆ ‘ಅಸಲಿತನದ ಪ್ರಮಾಣಪತ್ರ’ ಎಂದು ಚಿನ್ನದ ಅಂಚಿನ ಕಾಗದ ಕೊಡುತ್ತಾರೆ. ಅದರ ಕೆಳಗೆ ಅವರದೊಂದು ಸಹಿ. ಆ ಸಹಿ ಅಸಲಿಯೆನ್ನುವುದಕ್ಕೆ ಕಾಗದವಿಲ್ಲ.

ಅಡ್ಡ ಬೆಳಕು, ಒಂದು ಭೂತಗನ್ನಡಿ, ತಾಳ್ಮೆ: ಮನೆಯಲ್ಲಿ ನನ್ನ ಉಪಕರಣ ಇಷ್ಟೇ. ಫೋಟೋವನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದರೆ ಹಳೆಯ ಶಾಯಿ ಕೆಲವೊಮ್ಮೆ ತಾಮ್ರದ ಹೊಳಪು ಕೊಡುತ್ತದೆ. ಕಾಗದದ ಮೇಲಾದರೆ ನಾರಿನೊಳಗೆ ಇಳಿದಿರುತ್ತದೆ. ಹೊಳಪಿನ ಫೋಟೋದ ಮೇಲಾದರೆ ಅಲ್ಲಲ್ಲಿ ಹಿಡಿಯದೆ ಬಿಟ್ಟಿರುತ್ತದೆ. ಪೆನ್ನಿನ ಮುಳ್ಳು ಕೆಳಗೆಳೆದಾಗ ಅಗಲವಾಗಿ, ಮೇಲೇರಿದಾಗ ಸಣ್ಣಗಾಗಿರಬೇಕು. ಬಾಲ್‌ಪಾಯಿಂಟ್ ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರ ಕೊನೆಯಲ್ಲಿ. ಆದ್ದರಿಂದ ಬಾಲ್‌ಪೆನ್ನಿನಲ್ಲಿ ಹಾಕಿದ ಸಹಿಯ ಕೆಳಗೆ 1925 ಎಂಬ ತಾರೀಖಿದ್ದರೆ ಮುಂದೆ ನೋಡುವ ಕೆಲಸವಿಲ್ಲ. ಇಂಥದ್ದೊಂದು ಒಮ್ಮೆ ನನಗೂ ಬಂದಿತ್ತು, ಪ್ರಮಾಣಪತ್ರ ಸಮೇತ. ಚಿನ್ನದ ಅಂಚು ಬಹಳ ಚೆನ್ನಾಗಿತ್ತು.

ಮೊಟ್ಟಮೊದಲಿಗೆ ಸಹಿ ಕೇಳಲು ಹೆಸರೇ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. 1910ರ ಆಚೀಚೆ ಕಂಪನಿಗಳು ನಟಿಯರ ಹೆಸರನ್ನು ತೆರೆಯ ಮೇಲೆ ಹಾಕುತ್ತಿರಲಿಲ್ಲ. ಹೆಸರಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಭಯ. ಬಯೋಗ್ರಾಫ್ ಕಂಪನಿಯ ಫ್ಲಾರೆನ್ಸ್ ಲಾರೆನ್ಸ್ ಜನರಿಗೆ ಬರೀ ‘ಬಯೋಗ್ರಾಫ್ ಹುಡುಗಿ’. ಕಾರ್ಲ್ ಲೆಮ್ಲಿ ಆಕೆಯನ್ನು ತನ್ನ ಕಂಪನಿಗೆ ಎಳೆದುಕೊಂಡು ಬಂದಾಗ, ಆಕೆ ಟ್ರಾಮ್ ಅಪಘಾತದಲ್ಲಿ ಸತ್ತಳೆಂಬ ಸುದ್ದಿ ಹಬ್ಬಿತು. ಹಬ್ಬಿದ ಬೆನ್ನಲ್ಲೇ ಇದೆಲ್ಲ ವಿರೋಧಿಗಳ ಸುಳ್ಳು ಎಂದು ಆತನೇ ಜಾಹೀರಾತು ಕೊಟ್ಟು, ಸೇಂಟ್ ಲೂಯಿಸ್ ಊರಿನಲ್ಲಿ ಆಕೆಯನ್ನು ಜನರ ಮುಂದೆ ನಿಲ್ಲಿಸಿದ. ಸುದ್ದಿ ಹಬ್ಬಿಸಿದವನು ಯಾರೆಂದು ಊಹಿಸಲು ಬಹಳ ಬುದ್ಧಿ ಬೇಕಿಲ್ಲ. ಹೆಸರು ಬಂತು, ಹೆಸರಿನ ಹಿಂದೆ ಸಹಿ ಬಂತು, ಸಹಿಯ ಹಿಂದೆ ಸೆಕ್ರೆಟರಿ ಬಂದಳು.

ಈ ಇಡೀ ವ್ಯವಹಾರವನ್ನು ತಲೆಕೆಳಗು ಮಾಡಿ ತೋರಿಸಿದ ಸಿನಿಮಾ ಒಂದಿದೆ. ಬಿಲ್ಲಿ ವೈಲ್ಡರನ 1950ರ ‘ಸನ್‌ಸೆಟ್ ಬೂಲೆವಾರ್ಡ್’. ನಾರ್ಮಾ ಡೆಸ್ಮಂಡ್ ಎಂಬ ಮರೆತುಹೋದ ಮೂಕಿ ತಾರೆ ಹಾಳುಬಿದ್ದ ಬಂಗಲೆಯಲ್ಲಿ ಕೂತು ಅಭಿಮಾನಿಗಳಿಗೆಂದು ಫೋಟೋಗಳಿಗೆ ಸಹಿ ಹಾಕುತ್ತಿರುತ್ತಾಳೆ. ಕಾಗದಗಳು ಬರುತ್ತಲೇ ಇವೆ. ಅವನ್ನೆಲ್ಲ ಬರೆಯುತ್ತಿರುವುದು ಆಕೆಯ ಬಟ್ಲರ್ ಮ್ಯಾಕ್ಸ್. ಹೊರಗಿನ ಹಾಲಿವುಡ್ಡಿನಲ್ಲಿ ಕಾಗದ ಅಸಲಿ, ಸಹಿ ನಕಲಿ. ಈ ಬಂಗಲೆಯಲ್ಲಿ ಸಹಿ ಅಸಲಿ, ಕಾಗದ ನಕಲಿ. ನಾರ್ಮಾ ಆಗಿದ್ದವಳು ಗ್ಲೋರಿಯಾ ಸ್ವಾನ್ಸನ್, ಮ್ಯಾಕ್ಸ್ ಆಗಿದ್ದವನು ಎರಿಕ್ ಫಾನ್ ಸ್ಟ್ರೋಹೀಮ್. ಇಪ್ಪತ್ತು ವರ್ಷದ ಹಿಂದೆ ಅದೇ ಸ್ವಾನ್ಸನ್‌ಳ ‘ಕ್ವೀನ್ ಕೆಲಿ’ ನಿರ್ದೇಶಿಸಲು ಹೋಗಿ ನಡುದಾರಿಯಲ್ಲಿ ಕೆಲಸ ಕಳೆದುಕೊಂಡವನು. ಬಂಗಲೆಯಲ್ಲಿ ನಾರ್ಮಾ ತನ್ನ ಹಳೆಯ ಸಿನಿಮಾ ಎಂದು ಹಾಕಿ ತೋರಿಸುವುದೂ ಆ ‘ಕ್ವೀನ್ ಕೆಲಿ’ಯ ತುಣುಕನ್ನೇ. ಎಲ್ಲರೂ ನಾರ್ಮಾಳ ಕಣ್ಣು ನೋಡುತ್ತಾರೆ. ನಾನು ಮ್ಯಾಕ್ಸ್‌ನ ಪಕ್ಷ. ದಿನವೂ ಬೇರೆ ಬೇರೆ ಊರಿನ ಬೇರೆ ಬೇರೆ ಜನರಾಗಿ, ಬೇರೆ ಬೇರೆ ಅಕ್ಷರದಲ್ಲಿ ಮೆಚ್ಚುಗೆ ಬರೆಯಬೇಕಲ್ಲ, ಅದೇನು ಸಣ್ಣ ಪ್ರತಿಭೆಯೇ?

ಸ್ಟುಡಿಯೋದ ಕೈ ಸೋಂಕದ ಸಹಿ ಬೇಕೆಂದರೆ ಆಲ್ಬಮ್ ಹಾಳೆಗಳನ್ನು ಹುಡುಕಬೇಕು. ಆ ಕಾಲದ ಹುಡುಗಿಯರು ಗುಲಾಬಿ, ತಿಳಿಹಸಿರು, ತಿಳಿನೀಲಿ ಹಾಳೆಗಳ ಪುಟಾಣಿ ಆಲ್ಬಮ್ಮುಗಳನ್ನು ಹಿಡಿದು ಥಿಯೇಟರಿನ ಬಾಗಿಲಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಕಾಯುತ್ತಿದ್ದರು. ಮುಂದೆ ಆಲ್ಬಮ್ಮು ವ್ಯಾಪಾರಿಯ ಕೈಗೆ ಬಂತು. ಇಡಿಯಾಗಿ ಮಾರುವುದಕ್ಕಿಂತ ಬಿಡಿಯಾಗಿ ಮಾರಿದರೆ ಲಾಭವೆಂದು ಆತ ಹಾಳೆ ಹಾಳೆ ಬಿಡಿಸಿದ. ನನ್ನಲ್ಲಿರುವ ಒಂದು ಗುಲಾಬಿ ಹಾಳೆಯ ಒಂದು ಬದಿಗೆ ಕಾಲೀನ್ ಮೂರ್, ಇನ್ನೊಂದು ಬದಿಗೆ ಯಾವನೋ ಬ್ಯಾಂಡಿನವನು, ಆತನ ಹೆಸರು ಎಷ್ಟು ಸಲ ನೋಡಿದರೂ ಓದಲು ಬರುವುದಿಲ್ಲ. ಫ್ರೇಮು ಹಾಕಿಸಿದರೆ ಒಬ್ಬರು ಗೋಡೆ ನೋಡಬೇಕು. ಬ್ಯಾಂಡಿನವನೇ ನೋಡುತ್ತಿದ್ದಾನೆ. ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಆ ಹುಡುಗಿಯೇ ಬರೆದುಕೊಂಡ ಒಂದು ಟಿಪ್ಪಣಿ: ಮಳೆ ಬರುತ್ತಿತ್ತು, ಆಕೆ ಕೈಗವಸು ತೆಗೆದು ಬರೆದಳು. ವ್ಯಾಪಾರಿ ಈ ಪೆನ್ಸಿಲ್ ಬರಹವನ್ನು ‘ಸಣ್ಣ ದೋಷ’ ಎಂದು ನಮೂದಿಸಿದ್ದ. ನಾನು ಕೊಂಡದ್ದು ಆ ದೋಷಕ್ಕಾಗಿ.

ಕಾಲೀನ್ ಮೂರ್ ಸ್ವತಃ ಸಂಗ್ರಾಹಕಿ. 1920ರ ದಶಕದ ಕತ್ತರಿಸಿದ ಕೂದಲಿನ ಈ ಕಿಲಾಡಿ ಹುಡುಗಿ ಸಿನಿಮಾದಲ್ಲಿ ಗಳಿಸಿದ್ದರಲ್ಲಿ ಒಂದು ಭಾಗವನ್ನು ಗೊಂಬೆಮನೆಗೆ ಹಾಕಿದಳು. ಅದು ಗೊಂಬೆಗಳ ಅರಮನೆಯೇ. 1949ರಿಂದ ಶಿಕಾಗೊದ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಮ್ಮಿನಲ್ಲಿದೆ. ಅದರೊಳಗಿನ ಗ್ರಂಥಾಲಯಕ್ಕೆಂದು ಬೆರಳುಗುರಿನಷ್ಟಗಲದ ಪುಸ್ತಕಗಳನ್ನು ಮಾಡಿಸಿ, ಹೆಸರಾಂತ ಲೇಖಕರ ಕೈಯಲ್ಲೇ ಬರೆಸಿಕೊಂಡಳು. ಸಹಿ ಕೊಟ್ಟು ದಣಿದವಳಿಗೆ ಸಹಿ ಕೇಳುವ ಆಸೆ ಉಳಿದಿತ್ತು ಎನ್ನುವುದು ನನ್ನಂಥವರ ಪಾಲಿಗೆ ದೊಡ್ಡ ಸಮಾಧಾನ.

ಥೀಡಾ ಬಾರಾಳ ಸಹಿ ಮಾತ್ರ ಕೈಯಲ್ಲಿದ್ದರೂ ಕಸಿವಿಸಿ. 1915ರ ‘ಎ ಫೂಲ್ ದೇರ್ ವಾಸ್’ನಿಂದ ಗಂಡಸರನ್ನು ಹಾಳುಮಾಡುವ ಮೋಹಿನಿಯಾಗಿ ಕುಖ್ಯಾತಳಾದವಳು, ಈಜಿಪ್ಟಿನ ಮರುಭೂಮಿಯಲ್ಲಿ ಹುಟ್ಟಿದವಳೆಂದು ಸ್ಟುಡಿಯೋ ಡಂಗುರ ಹೊಡೆಯಿತು, ಹುಟ್ಟಿದ್ದು ಒಹಾಯೊದ ಸಿನ್ಸಿನಾಟಿಯಲ್ಲಿ. 1917ರ ಆಕೆಯ ‘ಕ್ಲಿಯೋಪಾತ್ರ’ದಲ್ಲಿ ಇಂದು ಉಳಿದಿರುವುದು ಚೂರುಗಳು ಮಾತ್ರ. ಆಗಿನ ನೈಟ್ರೇಟ್ ಫಿಲ್ಮು ಬೆಂಕಿಗೆ ಕರ್ಪೂರ. 1937ರಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣ ಹೊತ್ತಿ ಉರಿದು ಆಕೆಯ ಸಿನಿಮಾಗಳಲ್ಲಿ ಬಹುತೇಕ ಬೂದಿಯಾದವು. ಅಳಿಯನಿಗೆ ಆ ಊರು ಗೊತ್ತು. “ನಾವು ಆ ಕಡೆ ಓಡಾಡ್ತಿರ್ತೀವಿ ಮಾವ, ಅಲ್ಲೇನೂ ಇಲ್ಲ” ಅಂದ. ಅಮೆರಿಕದಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಪೂರ್ತಿ ಉಳಿದದ್ದು ಶೇಕಡಾ 14 ಎಂದು ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ. ಹೀಗಾಗಿ ನಾನು ಸಿನಿಮಾ ನೋಡದೆ ಸಹಿ ಇಟ್ಟುಕೊಂಡಿರುವ ಅಭಿಮಾನಿ. ಇಪ್ಪತ್ತೈದು ಸೆಂಟಿನ ಫೋಟೋ ಉಳಿದಿದೆ, ಲಕ್ಷಗಟ್ಟಲೆ ಡಾಲರಿನ ಸಿನಿಮಾ ಉಳಿದಿಲ್ಲ.

ಆನಾ ಮೇ ವಾಂಗ್ ಬಗ್ಗೆ ಹೇಳದೆ ಕಡತ ಮುಚ್ಚಲಾರೆ. ಲಾಸ್ ಏಂಜಲೀಸಿನಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ಹುಡುಗಿ. 1922ರ ‘ದ ಟೋಲ್ ಆಫ್ ದ ಸೀ’ಯಲ್ಲಿ ನಾಯಕಿಯಾದಾಗ ಹದಿನೇಳು. ಫೋಟೋಗಳ ಮೇಲೆ ಇಂಗ್ಲಿಷಿನ ಜತೆ ಚೀನೀ ಅಕ್ಷರಗಳಲ್ಲೂ ಹೆಸರು ಬರೆಯುತ್ತಿದ್ದಳು. ಎಲ್ಲರೂ ‘ಸಿನ್ಸಿಯರ್ಲಿ ಯುವರ್ಸ್’ ಎಂದು ಬರೆಯುವ ಜಾಗದಲ್ಲಿ ಆಕೆ ‘ಓರಿಯೆಂಟಲಿ ಯುವರ್ಸ್’ ಎಂದು ಬರೆದದ್ದುಂಟು. ಬಿಳಿಯ ನಾಯಕನ ಜತೆ ಪ್ರೇಮದ ಪಾತ್ರ ಕೊಡದ, ಕೊಟ್ಟರೂ ಕೊನೆಯ ರೀಲಿನಲ್ಲಿ ಸಾಯಿಸುವ ಹಾಲಿವುಡ್ಡಿಗೆ ಆಕೆ ಪೆನ್ನಿನಲ್ಲಿ ಹಾಕಿದ ಚುಚ್ಚುಮದ್ದು ಅದು ಎಂದು ನನ್ನ ಓದು. ಕೊಂಡುಕೊಂಡವರು ಮಾತ್ರ ಮುದ್ದಾಗಿದೆ ಎಂದುಕೊಂಡಿರಬೇಕು. 2022ರಲ್ಲಿ ಅಮೆರಿಕ ಸರ್ಕಾರ ಆಕೆಯ ಮುಖವನ್ನು ಇಪ್ಪತ್ತೈದು ಸೆಂಟಿನ ನಾಣ್ಯದ ಮೇಲೆ ಮುದ್ರಿಸಿತು. ಫೋಟೋಕ್ಕೆ ಅಭಿಮಾನಿಗಳು ಕಳಿಸುತ್ತಿದ್ದುದೂ ಅಷ್ಟೇ ಬೆಲೆಯ ನಾಣ್ಯ.

ನಮ್ಮ ದೇಶದವರದು ಯಾಕಿಲ್ಲ ಎಂದು ಗೆಳೆಯರು ಕೇಳುತ್ತಾರೆ. ಸುಲೋಚನಾ ಸಹಿ ಸಿಗುವುದಾದರೆ ನಾನು ಗಿಶ್‌ಳನ್ನು ಮಾರಲೂ ತಯಾರು. ನಿಜನಾಮ ರೂಬಿ ಮೈಯರ್ಸ್, ಯಹೂದಿ ಮನೆತನ, ಪುಣೆಯಲ್ಲಿ ಹುಟ್ಟಿದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದನಿಯಿಂದ ದುಡಿಯುತ್ತಿದ್ದವರನ್ನು ದನಿಯೇ ಬೇಡದ ಸಿನಿಮಾಕ್ಕೆ ಕರೆತಂದರು. ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಎಂಟು ಪಾತ್ರ. ಟಾಕಿ ಬಂದಾಗ ಹಿಂದೂಸ್ತಾನಿ ಕಲಿತು ಮರಳಿ ಬಂದರು. 1973ರ ಫಾಲ್ಕೆ ಪ್ರಶಸ್ತಿಯೂ ಬಂತು. ನಮ್ಮಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿಗಳಲ್ಲಿ ಉಳಿದದ್ದು ಸುಮಾರು ಮೂವತ್ತು, ಅವುಗಳಲ್ಲೂ ಹಲವು ತುಂಡುಗಳು. ಸಿನಿಮಾವನ್ನೇ ಇಟ್ಟುಕೊಳ್ಳದವರು ಸಹಿ ಇಟ್ಟುಕೊಂಡಾರೆಯೆ?

ಆದರೂ ಒಂದು ಸಹಿ ನನಗೆ ಬೆಂಗಳೂರಿನಲ್ಲೇ ಸಿಕ್ಕಿತು. ಮೋಹನ್ ಭವನಾನಿ 1930ರ ಹೊತ್ತಿಗೆ ಶೂದ್ರಕನ ‘ಮೃಚ್ಛಕಟಿಕ’ವನ್ನು ಮೂಕಿಯಾಗಿ ತೆಗೆದರು. ಏಣಾಕ್ಷಿ ರಾಮರಾವ್ ವಸಂತಸೇನೆ. ನಮ್ಮ ಕೈಲಾಸಂ ಕೂಡ ಅದರಲ್ಲಿದ್ದರು. ಮಾತೇ ಬಂಡವಾಳವಾದ ಕೈಲಾಸಂ ಅವರನ್ನು ಮಾತಿಲ್ಲದ ಸಿನಿಮಾದಲ್ಲಿ ನಿಲ್ಲಿಸಿದ ಧೈರ್ಯಕ್ಕೆ ಏನನ್ನೋಣ! ಅದೇ ಚಿತ್ರದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ನಟಿಸಿದ್ದರು. ಮರ್ಯಾದಸ್ಥ ಮನೆಯ ಹೆಂಗಸರು ಸಿನಿಮಾದ ಕಡೆ ತಲೆಹಾಕದ ಕಾಲ ಅದು. ಉಪ್ಪಿನ ಸತ್ಯಾಗ್ರಹದ ಕಮಲಾದೇವಿ, ನೇಕಾರರ, ಕುಂಬಾರರ ಕಮಲಾದೇವಿ ಎಲ್ಲರಿಗೂ ಗೊತ್ತು. ಮೂಕಿ ನಟಿ ಕಮಲಾದೇವಿಯನ್ನು ಯಾರೂ ಲೆಕ್ಕಕ್ಕಿಟ್ಟಂತಿಲ್ಲ, ಪೇಟೆಯವರಂತೂ ಇಲ್ಲವೇ ಇಲ್ಲ.

ಅವೆನ್ಯೂ ರಸ್ತೆಯ ಹಳೆಪುಸ್ತಕದ ಅಂಗಡಿಯೊಂದರಲ್ಲಿ, ಇಂಜಿನಿಯರಿಂಗ್ ಗೈಡುಗಳ ಅಡಿಯಲ್ಲಿ, ಕರಕುಶಲ ಕಲೆಗಳ ಬಗ್ಗೆ ಅವರು ಬರೆದ ಪುಸ್ತಕವಿತ್ತು. ತೆರೆದರೆ ಮೊದಲ ಪುಟದಲ್ಲಿ ನೀಲಿ ಶಾಯಿಯ ಸಹಿ. ಅಂಗಡಿಯವನು ನನ್ನ ಮುಖ ನೋಡಿ ಗಾಬರಿಯಾದ. “ಅದೊಂದು ಯಾರೋ ಪೆನ್ನಲ್ಲಿ ಗೀಚ್‌ಬಿಟ್ಟಿದಾರೆ ಸಾರ್. ಒಳಗೆಲ್ಲ ಕ್ಲೀನಾಗಿದೆ. ಬೇಕಾದ್ರೆ ಇಪ್ಪತ್ತು ರೂಪಾಯಿ ಕಮ್ಮಿ ಕೊಡಿ.” ನಾನು ಪುಟವನ್ನು ರಸ್ತೆಯ ಬೆಳಕಿಗೆ ಓರೆಯಾಗಿ ಹಿಡಿದು, ಕನ್ನಡಕ ಏರಿಸಿ, ಓಟ ಎಲ್ಲಿ ನಿಂತಿದೆ, ಶಾಯಿ ಎಲ್ಲಿ ಊರಿದೆ ಎಂದು ನೋಡುತ್ತ ನಿಂತೆ. ಇವನು ಗಟ್ಟಿ ಆಸಾಮಿ, ಇನ್ನೂ ಚೌಕಾಸಿಗೆ ನಿಂತಿದ್ದಾನೆ ಅನ್ನಿಸಿರಬೇಕು ಅವನಿಗೆ.

“ಆಯ್ತು ಬಿಡಿ ಸಾರ್, ನಲವತ್ತು ಕಮ್ಮಿ ಮಾಡ್ಕೊಳ್ಳಿ” ಅಂದ. “ಆ ಪೇಜು ಬೇಡ ಅಂದ್ರೆ ಹರ್ದೇ ಕೊಡ್ತೀನಿ.”